ಹದಿನೈದನೇ ತಾರೀಕಿನ ತೊಳೆತ

ಆ ಸಭೆ ನಡೆದು ಹನ್ನೊಂದು ವರ್ಷವಾಯಿತು. ಆದರೂ ಅದರ ಮಾತೆತ್ತಿದರೆ ಸಾಕು, ಕಿಡಿಯ ಕೈಯಲ್ಲಿರುವ ಚಹಾದ ಲೋಟ ಟಪ್ಪೆಂದು ಮೇಜಿಗೆ ಬೀಳುತ್ತದೆ. "ಏಳು ಜನರ ಎದುರಿಗೆ ಆ ಮ್ಯಾನೇಜರ್ ನನಗೆ ಏನಂದ ಗೊತ್ತಾ? 'ನೀನು ಪ್ಲಗ್ ಚುಚ್ಚೋದು ನೋಡ್ಕೋ, ಡೇಟಾಬೇಸ್ ಆರಿಸೋದು ಓದಿದವರ ಕೆಲಸ' ಅಂದ. ಓದಿದವನಂತೆ! ಎರಡು ವಾರ ಕೂತು ಪರೀಕ್ಷೆ ಮಾಡಿ ಬರ್ಕೊಂಡು ಬಂದಿದ್ದ ಕಾಗದಾನ ಓದ್ಲೇ ಇಲ್ಲ. ಮಡಚಿ ಅಲುಗಾಡ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟ!" ಆಮೇಲೆ ನಡೆದದ್ದನ್ನು ಅವನು ಯಾರಿಗೂ ಹೇಳುವುದಿಲ್ಲ. ಕಥೆ ಇರುವುದು ಆಮೇಲಿನದರಲ್ಲೇ.

ಕಿಡಿ ಅವನ ಹೆಸರಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟು ವೈರಿಂಗ್ ಕೆಲಸಕ್ಕೆ ಸೇರಿದವನು. ಸಿಟ್ಟು ಮೂಗಿನ ತುದಿಯಲ್ಲೇ. ಎರಡೂ ಸೇರಿ ಆ ಹೆಸರು ಅಂಟಿಕೊಂಡಿತು. ರಕ್ತನಿಧಿಯ ಶೀತಲಪೆಟ್ಟಿಗೆಗಳ ತಂತಿ ಸುಟ್ಟುಹೋದಾಗ ರಿಪೇರಿಗೆಂದು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಯಾರಾದರೂ ಕೀಲಿ ಒತ್ತುತ್ತಿದ್ದರೆ ಹಿಂದೆ ನಿಂತು ನೋಡುತ್ತಿದ್ದ. ನೋಡಿ ನೋಡಿ ಕಲಿತ. ಪರದೆಯ ಮೇಲೆ ಬರುವ ಇಂಗ್ಲಿಷ್ ಗೊತ್ತಾಗದಿದ್ದರೆ ಪಕ್ಕದ ಕೋಣೆಗೆ ಓಡುತ್ತಿದ್ದ. ಅಲ್ಲಿ ಲೆಡ್ಜರಮ್ಮ ಕೂತಿರುತ್ತಿದ್ದಳು. ದಾಖಲೆ ವಿಭಾಗದ ಹಿರಿಯ ಗುಮಾಸ್ತೆ; ಮೂಗಿನ ಮೇಲೆ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲ್. "ಇದು ಬೈತಾ ಇಲ್ಲ ಕಣೋ, 'ಜಾಗ ಸಾಲ್ತಾ ಇಲ್ಲ' ಅಂತಿದೆ ಅಷ್ಟೆ. ನಿನಗೆ ಎಲ್ಲರೂ ಬೈದ ಹಾಗೇ ಕಾಣತ್ತೆ," ಎಂದು ನಗುತ್ತಿದ್ದಳು. ಹೀಗೆ ಹತ್ತು ವರ್ಷ ಅವಳು ಅವನಿಗೆ ಅಕ್ಷರ ಬಿಡಿಸಿ ಹೇಳಿಕೊಟ್ಟಳು.

ಅವನು ಆ ಕೆಲಸ ಬಿಡದೆ ಹಿಡಿದುಕೊಂಡಿದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ಅವನ ಅಕ್ಕನೂ ಕಾರಣ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವಳ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿರಲಿಲ್ಲ. ಮೂರು ವಾರಕ್ಕೊಮ್ಮೆ ಎರಡು ಚೀಲ ಏರಿಸಬೇಕು. ವರ್ಷಗಟ್ಟಲೆ ಏರಿಸಿಕೊಂಡು ಅವಳ ಮೈ ಬೇರೆಯವರ ರಕ್ತದ ಮೇಲೆ ಜಗಳಕ್ಕೇ ನಿಂತುಬಿಟ್ಟಿತ್ತು. ಗುಂಪು ಒಂದೇ ಆದರೆ ಸಾಲದು, ಒಳಗಿನ ಹತ್ತಾರು ಗುರುತು ಹೊಂದಬೇಕು. ಇಡೀ ಊರಿಗೆ ಅವಳಿಗೆ ಹೊಂದುವ ದಾನಿಗಳು ಆರು ಜನ. ಆ ಆರು ಜನರ ರಕ್ತ ಯಾವ ಶಾಖೆಯ ಪೆಟ್ಟಿಗೆಯಲ್ಲಿದೆ ಎಂದು ಪರದೆ ಹೇಳುತ್ತಿತ್ತು. ಹೊಂದುವ ಚೀಲ ಎರಡಕ್ಕಿಂತ ಕಡಿಮೆಯಾದರೆ ಆ ಸಾಲು ಕೆಂಪಾಗುತ್ತಿತ್ತು. ಕೆಂಪಾದ ಕೂಡಲೇ ದಾನಿಗಳಿಗೆ ಫೋನು ಹೋಗುತ್ತಿತ್ತು. ಕಿಡಿ ದಿನಾ ಬೆಳಿಗ್ಗೆ ಚಪ್ಪಲಿ ಬಿಡುವ ಮುಂಚೆ ಆ ಸಾಲನ್ನು ನೋಡುತ್ತಿದ್ದ.

ಆ ಪರದೆಯ ಹಿಂದೆ ಒಂದು ಜೋಡಣೆಯ ಸಾಫ್ಟ್‌ವೇರ್ ಇತ್ತು. ರಕ್ತನಿಧಿಗೆ ಒಂಬತ್ತು ಶಾಖೆ, ಒಂಬತ್ತು ಥರದ ಪಟ್ಟಿ. ಒಬ್ಬರು ತಾರೀಕು ತಿರುಗಿಸಿ ಬರೆಯುತ್ತಾರೆ, ಇನ್ನೊಬ್ಬರು ಗುಂಪನ್ನು ಕೊನೆಗೆ ಬರೆಯುತ್ತಾರೆ, ಮತ್ತೊಬ್ಬರು 'ಕೊಟ್ಟಾಗಿದೆ' ಎನ್ನುವುದನ್ನು ಐದನೇ ಕಾಲಮ್ಮಿನಲ್ಲಿ ತುಂಬುತ್ತಾರೆ. ಈ ಸಾಫ್ಟ್‌ವೇರ್ ಅರ್ಧ ಗಂಟೆಗೊಮ್ಮೆ ಒಂಬತ್ತನ್ನೂ ಎಳೆದುಕೊಂಡು, ಒಂದೇ ಅಚ್ಚಿಗೆ ಹಾಕಿ, ವರದಿಗಳ ದೊಡ್ಡ ಡೇಟಾಬೇಸಿಗೆ ಸುರಿಯುತ್ತಿತ್ತು. ಆದರೆ ಅದಕ್ಕೆ ಕೈಕಾಲು ಮಾತ್ರ ಸ್ವಂತದ್ದು, ತಲೆ ಹೊರಗೆ. ಯಾವ ಶಾಖೆಯ ಯಾವ ಕಾಲಮ್ಮಿನಲ್ಲಿ ಏನಿದೆ, ಎಷ್ಟು ಗಂಟೆಗೆ ಎಳೆಯಬೇಕು, ಹೋದ ಸಲ ಎಲ್ಲಿಯವರೆಗೆ ಎಳೆದಿತ್ತು, ಇದೆಲ್ಲವನ್ನೂ ಅದು ಬೇರೊಂದು ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಸಾಫ್ಟ್‌ವೇರ್ ಕಂಪನಿಯ ಕಾಗದದಲ್ಲಿ ಅದಕ್ಕೆ ಮೆಟಾಡೇಟಾ ರೆಪೊಸಿಟರಿ ಎಂದಿತ್ತು. ಕಿಡಿ ಅದನ್ನು ತಲೆ ಎಂದೇ ಕರೆದ. ಕಚೇರಿಯೆಲ್ಲ ಹಾಗೇ ಕರೆಯಿತು.

ಮೊದಲ ಆರು ವರ್ಷ ಸಾಫ್ಟ್‌ವೇರಿನ ಜೊತೆಗೇ ಬಂದಿದ್ದ ಪುಟ್ಟ ಡೇಟಾಬೇಸಿನಲ್ಲಿ ತಲೆ ಇತ್ತು. 'ಕಲಿಯುವುದಕ್ಕೆ ಮಾತ್ರ' ಎಂದು ಕಂಪನಿಯವರೇ ದಪ್ಪಕ್ಷರದಲ್ಲಿ ಬರೆದಿದ್ದರು. ಇಬ್ಬರು ಒಟ್ಟಿಗೆ ತೆರೆದರೆ ಅದು ಬಾಗಿಲು ಹಾಕಿಕೊಂಡು ಕೂತುಬಿಡುತ್ತಿತ್ತು. ಎರಡು ಸಲ ಹಾಗಾಗಿ ಅರ್ಧ ದಿನ ಪರದೆ ಸತ್ತ ಮೇಲೆ, ತಲೆಯನ್ನು ಎಲ್ಲಿಡಬೇಕು ಎಂದು ತೀರ್ಮಾನಿಸಲು ಆ ಸಭೆ ಕರೆದರು.

ಮ್ಯಾನೇಜರ್ ಹೊಸಬ. ಸೆಖೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲವಾದ್ದರಿಂದ ಬೆನ್ನ ಹಿಂದೆ ಎಲ್ಲರಿಗೂ ಅವನು ಕೋಟು. ಅವನ ತೀರ್ಮಾನ ಸಭೆಗೆ ಮುಂಚೆಯೇ ಆಗಿತ್ತು.

"ವರದಿ ಡೇಟಾಬೇಸ್ ಇದ್ದೇ ಇದೆ. ದೊಡ್ಡ ಯಂತ್ರ, ದುಡ್ಡು ಕೊಟ್ಟು ತಗೊಂಡಿರೋ ಲೈಸೆನ್ಸ್. ತಲೇನೂ ಅಲ್ಲೇ ಹಾಕೋಣ. ಯಾರಿಂದಲೂ ಹೊಸ ಅನುಮತಿ ಬೇಡ," ಎಂದ.

ಕಿಡಿ ಎದ್ದು ನಿಂತ. "ಸಾರ್, ಬೇಡ. ಬೇರೆ ಇಡೋಣ. ಉಗ್ರಾಣದಲ್ಲಿ ಒಂದು ಯಂತ್ರ ಸುಮ್ನೆ ಬಿದ್ದಿದೆ. ಬಿಟ್ಟಿಯಾಗಿ ಸಿಗೋ ಒಳ್ಳೆ ಡೇಟಾಬೇಸ್ ಒಂದನ್ನ ಹಾಕಿ ಎರಡು ವಾರ ಓಡಿಸಿ ನೋಡಿದೀನಿ. ಹತ್ತು ಜನ ಒಟ್ಟಿಗೆ ತೆರೆದ್ರೂ ಅಳ್ಳಾಡ್ಲಿಲ್ಲ. ಇದರಲ್ಲಿ ಎಲ್ಲಾ ಬರ್ದಿದೀನಿ."

"ಉಗ್ರಾಣದ್ದಾ?" ಕೋಟು ನಕ್ಕ. "ಗುಜರಿ ಮೇಲೆ ರಕ್ತನಿಧಿ ನಡೆಸೋಣ ಅಂತೀಯಾ?"

ಸುತ್ತಲಿನವರೂ ನಕ್ಕರು. ಆಮೇಲೆ ಆ ಪ್ಲಗ್ಗಿನ ಮಾತು, ಆಮೇಲೆ ಆ ಮಡಚಿದ ಕಾಗದ.

ಕಿಡಿ ಕಾಗದದಲ್ಲಿ ಒಂದು ವಿಷಯ ಬರೆದಿರಲಿಲ್ಲ. ಇಸ್ಪೀಟಿನಲ್ಲಿ ತುರುಪಿನ ಎಲೆ ಇಟ್ಟುಕೊಳ್ಳುವಂತೆ ಅದನ್ನು ಬಾಯಲ್ಲಿ ಹೇಳೋಣವೆಂದು ಉಳಿಸಿಕೊಂಡಿದ್ದ. ವರದಿ ಡೇಟಾಬೇಸಿನಲ್ಲಿ ಯಾರ್ಯಾರೋ ಏನೇನೋ ಗೀಚಿ ಕಸ ತುಂಬುತ್ತಾರೆಂದು ಹಿಂದಿನ ಮ್ಯಾನೇಜರ್ ಕಿಡಿಯಿಂದ ಒಂದು ಏರ್ಪಾಟು ಮಾಡಿಸಿದ್ದರು. ಪ್ರತಿ ತಿಂಗಳ ಒಂದನೇ ತಾರೀಕಿಗೆ ಇಡೀ ಡೇಟಾಬೇಸಿನ ಒಂದು ಪ್ರತಿ ತೆಗೆದಿಡುವುದು. ಹದಿನೈದಕ್ಕೆ ಮಧ್ಯಾಹ್ನ ಎಲ್ಲವನ್ನೂ ಅಳಿಸಿ ಆ ಪ್ರತಿಯನ್ನು ವಾಪಸ್ ಸುರಿಯುವುದು. ಆಮೇಲೆ ಶಾಖೆಗಳಿಂದ ಎರಡು ವಾರದ ರಕ್ತದ ಲೆಕ್ಕವನ್ನು ಹೊಸದಾಗಿ ಎಳೆಯುವುದು. ಕಿಡಿ ಅದನ್ನು ತೊಳೆತ ಎನ್ನುತ್ತಿದ್ದ. ಆರು ವರ್ಷದಿಂದ ತಾನೇ ತಾನಾಗಿ ನಡೆಯುತ್ತಿತ್ತು. ಹಿಂದಿನ ಮ್ಯಾನೇಜರ್ ನಿವೃತ್ತರಾದ ಮೇಲೆ ಹೀಗೊಂದು ಇದೆ ಎಂಬುದು ಕಿಡಿಗೊಬ್ಬನಿಗೇ ಗೊತ್ತು. ರಕ್ತದ ಲೆಕ್ಕವನ್ನೇನೋ ಶಾಖೆಗಳಿಂದ ಮತ್ತೆ ಎಳೆಯಬಹುದು. ಆದರೆ ಅದೇ ಡೇಟಾಬೇಸಿನಲ್ಲಿ ತಲೆಯನ್ನಿಟ್ಟರೆ ಹದಿನೈದಕ್ಕೆ ಅದೂ ಒಂದನೇ ತಾರೀಕಿಗೆ ಹಿಂದೆ ಹೋಗುತ್ತದೆ. ನಡುವೆ ಕಲಿಸಿದ್ದೆಲ್ಲ ಮರೆತುಹೋಗುತ್ತದೆ.

ಇಷ್ಟೇ ಮಾತು. ಒಂದು ಉಸಿರಿಗೆ ಹೇಳಿ ಮುಗಿಸಬಹುದಿತ್ತು. ಮೈಯೆಲ್ಲ ಉರಿದುಹೋಗಿ, ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ತಳ್ಳಿ ಅವನು ಹೊರಗೆ ನಡೆದ.

ಮೆಟ್ಟಿಲಲ್ಲಿ ಲೆಡ್ಜರಮ್ಮ ಹಿಂದೆಯೇ ಬಂದಳು. "ಏ ಕಿಡಿ, ನಿಲ್ಲೋ. ಆ ಡೇಟಾಬೇಸಲ್ಲಿ ನಿಜವಾಗ್ಲೂ ಏನಾದ್ರೂ ತೊಂದ್ರೆ ಇದ್ಯಾ? ಇದ್ರೆ ನನ್ ಹತ್ರ ಹೇಳು, ನಾನು ಹೋಗಿ ಹೇಳ್ತೀನಿ."

"ನನಗೇನಮ್ಮ ಗೊತ್ತು? ನಾನು ಪ್ಲಗ್ ಚುಚ್ಚೋನು."

"ಮುಖ ಊದಿಸ್ಕೊಳ್ಳೋಕೆ ಇದಾ ಹೊತ್ತು? ಕೆಲಸದ ವಿಷಯ ಕೇಳ್ತಾ ಇದೀನಿ."

"ಓದಿದವರು ಇದಾರಲ್ಲ, ಅವರನ್ನ ಕೇಳಿ," ಎಂದು ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಇಪ್ಪತ್ತೆಂಟಕ್ಕೆ ತಲೆಯನ್ನು ವರದಿ ಡೇಟಾಬೇಸಿಗೆ ಸಾಗಿಸಿದರು. ಒಂದನೇ ತಾರೀಕಿಗೆ ಪ್ರತಿ ತೆಗೆಯುವ ಕೆಲಸ ನಡೆಯಿತು. ಒಂಬತ್ತಕ್ಕೆ ಉತ್ತರದ ಶಾಖೆಗೆ ಹೊಸ ಯಂತ್ರ ಬಂತು. ಅವರ ಪಟ್ಟಿಯಲ್ಲಿ 'ಕೊಟ್ಟಾಗಿದೆ' ಎಂಬುದು ಐದನೇ ಕಾಲಮ್ಮಿನಿಂದ ಏಳನೇದಕ್ಕೆ ಹೋಯಿತು, ಐದು ಖಾಲಿಯಾಯಿತು. ಬದಲಾವಣೆಗೆ ಅರ್ಜಿ ಹಾಕಿದರೆ ಕೋಟಿನ ಸಹಿ ಬೀಳಲು ನಾಲ್ಕು ದಿನ. ಅಲ್ಲಿಯವರೆಗೆ ಪರದೆ ಸುಳ್ಳು ಹೇಳುತ್ತದೆಂದು ಲೆಡ್ಜರಮ್ಮ ಅರ್ಜಿ ಗಿರ್ಜಿ ಏನೂ ಹಾಕದೆ ಅವತ್ತೇ ತಲೆಯಲ್ಲಿ ಐದನ್ನು ಏಳೆಂದು ತಾನೇ ತಿದ್ದಿದಳು. ಕಿಡಿಗೆ ಅದು ಗೊತ್ತಾಗಲಿಲ್ಲ. ಸಭೆಯ ದಿನದಿಂದ ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಹದಿನೈದಕ್ಕಾಗಿ ಅವನು ಕಾದ. ತಲೆ ಕೆಟ್ಟು, ಎರಡು ಪಟ್ಟಿ ನಿಂತು, ಕೋಟಿನ ಮುಖ ಏಳು ಜನರ ಎದುರಿಗೆ ಇಂಗು ತಿಂದ ಮಂಗನ ಹಾಗಾದರೆ ಸಾಕು, ಅಷ್ಟೇ ಅವನ ಆಸೆ. ಆಮೇಲೆ ತಾನೇ ಹೋಗಿ ಐದು ನಿಮಿಷದಲ್ಲಿ ಸರಿಮಾಡಿ, 'ಪ್ಲಗ್ ಚುಚ್ಚಿದೆ ಸಾರ್' ಎನ್ನಬೇಕು. ಆ ಮಾತನ್ನು ಸ್ನಾನದ ಮನೆಯಲ್ಲಿ ಹೇಳಿ ಹೇಳಿ ಅಭ್ಯಾಸ ಕೂಡ ಮಾಡಿದ್ದ. ಮಧ್ಯಾಹ್ನ ತೊಳೆತ ನಡೆಯಿತು. ಪರದೆಯ ಮೇಲೆ ಒಂಬತ್ತು ಶಾಖೆಗೂ ಹಸಿರು ದೀಪ. ಏನೂ ನಿಲ್ಲಲಿಲ್ಲ. ಯಾರೂ ಕೂಗಲಿಲ್ಲ. 'ಥೂ, ಅವನ ಅದೃಷ್ಟವೇ,' ಎಂದು ಬೈದುಕೊಂಡು ಕಿಡಿ ಊಟದ ಡಬ್ಬಿ ಬಿಚ್ಚಿದ.

ಹದಿನೆಂಟಕ್ಕೆ ಅಕ್ಕನ ಸರದಿ. ಹಿಂದಿನ ಎರಡು ದಿನದಿಂದಲೇ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಮುಖ ಸುಣ್ಣದ ಹಾಗೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿ ಕಿಡಿ ಹೇಳಿದ: "ಉತ್ತರದ ಶಾಖೇಲಿ ಎರಡು ಚೀಲ ಇದೆ ಅಕ್ಕ. ಬೆಳಿಗ್ಗೆ ನಾನೇ ಪರದೆ ನೋಡ್ದೆ. ಇನ್ನರ್ಧ ಗಂಟೆಗೆ ಬರತ್ತೆ."

"ನೀನು ಅಲ್ಲಿರೋವಾಗ ನನಗೇನಪ್ಪ ಭಯ," ಎಂದಳು ಅಕ್ಕ.

ಒಂಬತ್ತಾಯಿತು. ನರ್ಸ್ ಬಂದು ಅಕ್ಕನಿಗೆ ಕೇಳಿಸದ ಹಾಗೆ ಅವನನ್ನು ಬಾಗಿಲ ಹೊರಗೆ ಕರೆದಳು. "ಉತ್ತರದವರು ಫೋನ್ ಮಾಡಿದ್ರು. ಆ ಎರಡು ಚೀಲ ಹದಿನಾರನೇ ತಾರೀಕಿಗೇ ಬೇರೆ ಕಡೆ ಕೊಟ್ಟಾಗಿದ್ಯಂತೆ. ಹೊಸ ಯಂತ್ರ ಬಂದ್ಮೇಲೆ ಅದನ್ನೆಲ್ಲ ಐದರ ಬದಲು ಏಳನೇ ಕಾಲಮ್ಮಲ್ಲಿ ಬರೀತಾರಂತೆ, ಅದರಲ್ಲಿ ಇದೆ ಅಂದ್ರು. ಪೆಟ್ಟಿಗೇಲಿ ಏನೂ ಇಲ್ಲ."

"ಇದೆ ಅಂತ ಪರದೆ ಹೇಳ್ತಾ ಇದ್ಯಲ್ಲ!"

"ಪರದೆನ ಏರಿಸೋಕಾಗತ್ತಾ ಅಣ್ಣ? ಇವರ ರಕ್ತದ ಅಂಶ ಹನ್ನೆರಡು ಇರಬೇಕಾದ್ದು ನಾಲ್ಕಕ್ಕೆ ಇಳಿದಿದೆ. ಡಾಕ್ಟ್ರು ಸಂಜೆಯೊಳಗೆ ಒಂದಾದ್ರೂ ಬೇಕೇಬೇಕು ಅಂದಿದಾರೆ. ಎದೆ ತಡ್ಕೊಳ್ಳಲ್ಲ."

ಒಂದೇ ಕ್ಷಣದಲ್ಲಿ ಕಿಡಿಗೆ ಎಲ್ಲ ಹೊಳೆಯಿತು. ತೊಳೆತದಲ್ಲಿ ತಲೆ ಒಂದನೇ ತಾರೀಕಿಗೆ ಹೋಗಿದೆ. ಏಳನೇ ಕಾಲಮ್ಮನ್ನು ಮರೆತು ಮತ್ತೆ ಐದನೇದನ್ನು ಓದುತ್ತಿದೆ. ಐದು ಖಾಲಿ, ಖಾಲಿ ಎಂದರೆ ಯಾರಿಗೂ ಕೊಟ್ಟಿಲ್ಲ, ಎಲ್ಲ ಚೀಲವೂ ಪೆಟ್ಟಿಗೆಯಲ್ಲೇ ಇದೆ ಎಂದು ಅರ್ಥ. ಅದಕ್ಕೇ ಸಾಲು ಕೆಂಪಾಗಲಿಲ್ಲ. ಅದಕ್ಕೇ ದಾನಿಗಳಿಗೆ ಫೋನು ಹೋಗಲಿಲ್ಲ. ನಿಂತುಹೋಗಿದ್ದರೆ ಗೊತ್ತಾಗುತ್ತಿತ್ತು. ಅದು ನಿಲ್ಲಲಿಲ್ಲ, ಹಸಿರು ದೀಪ ಹಚ್ಚಿಕೊಂಡು ಮೂರು ದಿನ ಸುಳ್ಳು ಹೇಳಿತು.

ಆಸ್ಪತ್ರೆಯಿಂದ ರಕ್ತನಿಧಿಗೆ ಮೂರು ಬೀದಿ. ಅವನು ಓಡಿದ. ದಾರಿಯಲ್ಲಿ ಒಂದು ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನೇರವಾಗಿ ಲೆಡ್ಜರಮ್ಮನ ಕೋಣೆಗೆ ನುಗ್ಗಿ, "ಅಮ್ಮಾ... ಅಕ್ಕ..." ಎಂದಷ್ಟೇ ಅಂದ.

ಅವಳು ಏನಾಯಿತೆಂದು ಕೇಳುತ್ತ ಕೂರಲಿಲ್ಲ. ಪರದೆಯಲ್ಲಿ ಆರು ದಾನಿಗಳ ಹೆಸರು ತೆಗೆದಳು. ಕೊನೆಯ ಸಲ ಯಾರು ಯಾವಾಗ ಕೊಟ್ಟರು ಎಂಬುದೂ ಕಲಸುಮೇಲೋಗರವಾಗಿತ್ತು. ರಕ್ತ ಕೊಟ್ಟು ಮೂರು ತಿಂಗಳಾಗದವರನ್ನು ಕರೆದು ಪ್ರಯೋಜನವಿಲ್ಲ. ಅವಳು ಕೈಚೀಲಕ್ಕೆ ಕೈ ಹಾಕಿ, ಮೂಲೆ ಸವೆದ ನೀಲಿ ರಟ್ಟಿನ ಪುಸ್ತಕವೊಂದನ್ನು ಹೊರಗೆಳೆದಳು. ಕೈಬರಹದ ಪುಸ್ತಕಗಳನ್ನು ನಿಲ್ಲಿಸಿ ಎಂದು ಕೋಟು ಆಜ್ಞೆ ಹೊರಡಿಸಿ ಆರು ತಿಂಗಳಾಗಿತ್ತು. ಅವಳು ನಿಲ್ಲಿಸಿರಲಿಲ್ಲ. ದಿನಾ ಸಂಜೆ ಮನೆಗೆ ಒಯ್ದು ಅವತ್ತಿನದನ್ನು ಬರೆಯುತ್ತಿದ್ದಳು.

"ಈ ದರ್ಜಿ ಹೋದ ತಿಂಗಳು ಕೊಟ್ಟಿದಾನೆ, ಆಗಲ್ಲ. ಈ ಮೇಷ್ಟ್ರಿಗೆ ಕಾಮಾಲೆ ಆಗಿತ್ತು, ಆಗಲ್ಲ. ಈಕೆ ಬಸುರಿ. ಈ ಡ್ರೈವರ್..." ಅವಳು ಫೋನ್ ತಿರುಗಿಸಿದಳು. ಡ್ರೈವರ್ ಬೇರೆ ಊರಿನಲ್ಲಿದ್ದ. ಐದನೆಯವನ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಗಡಿಯಾರ ಹತ್ತು ತೋರಿಸುತ್ತಿತ್ತು. ಕಿಡಿ ಕಪಾಟಿಗೆ ಒರಗಿ ನೆಲದ ಮೇಲೆ ಕೂತ. ಏನೇನೋ ಬಡಬಡಿಸುತ್ತಿದ್ದ. ದೇವರನ್ನೂ ಬೈದ, ಕೋಟನ್ನೂ ಬೈದ. ಬೈಯಬೇಕಾದವನನ್ನು ಮಾತ್ರ ಬೈಯಲಿಲ್ಲ.

"ಬಾಯಿ ಮುಚ್ಚೋ, ಓದೋಕೆ ಬಿಡು," ಎಂದು ಗದರಿ ಅವಳು ಆರನೆಯ ಸಾಲಿಗೆ ಬೆರಳಿಟ್ಟಳು. ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ ಬರೆದಿತ್ತು: 'ಬೇಕರಿಯವನು. ಕರೆದರೆ ಬರುವುದಿಲ್ಲ, ಸೂಜಿಗೆ ಹೆದರುತ್ತಾನೆ. ಹೆಂಡತಿಗೆ ಹೇಳಬೇಕು.' ಅವಳು ಹೆಂಡತಿಗೆ ಫೋನ್ ಮಾಡಿದಳು. "ತಂಗೀ, ನಾನು ರಕ್ತನಿಧಿಯಿಂದ. ನಿನ್ನ ಗಂಡ ಈಗ ಬರದಿದ್ರೆ ಒಬ್ಬಳು ಹೆಂಗಸು ಸಂಜೆ ಹೊತ್ತಿಗೆ ಇರಲ್ಲ. ನೀನೇ ಕೈ ಹಿಡ್ಕೊಂಡು ಕರ್ಕೊಂಡು ಬಾ."

ಮುಕ್ಕಾಲು ಗಂಟೆಯಲ್ಲಿ ಬೇಕರಿಯವನು ಬಂದ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ದೈತ್ಯ. ಹೆಂಡತಿ ಅಂಗಿ ಹಿಡಿದುಕೊಂಡೇ ಇದ್ದಳು, ಓಡಿಹೋಗುತ್ತಾನೋ ಎಂಬಂತೆ. "ಹೋದ ಸಲ ಸಣ್ಣ ಸೂಜಿ ಅಂದಿದ್ರಿ, ಸುಳ್ಳು," ಎಂದು ಲೆಡ್ಜರಮ್ಮನ ಮೇಲೆ ಕೂಗಾಡುತ್ತಲೇ ಮಲಗಿ ತೋಳು ಚಾಚಿದ. ರಕ್ತ ತೆಗೆದು, ಪರೀಕ್ಷೆಗಳೆಲ್ಲ ಮುಗಿದು, ಅಕ್ಕನ ರಕ್ತದ ಜೊತೆ ಹೊಂದಿಸಿ ನೋಡಿ ಚೀಲ ಆಸ್ಪತ್ರೆಗೆ ಬರುವಾಗ ನಾಲ್ಕೂವರೆ. ಅಷ್ಟು ಹೊತ್ತೂ ಕಿಡಿ ಹಾಸಿಗೆಯ ಕಂಬಿ ಹಿಡಿದು ನಿಂತಿದ್ದ. ಅಕ್ಕನ ತುಟಿ ನೀಲಿಯಾಗಿತ್ತು. ಮಾತಿಗೊಮ್ಮೆ ಉಸಿರು ಎಳೆದುಕೊಂಡು ಅವಳು ಕೇಳಿದಳು: "ಯಾಕೋ... ಒಂದೇ ಚಪ್ಪಲಿ?" ಅವನು ಬರಿಗಾಲನ್ನು ಹಾಸಿಗೆಯಡಿಗೆ ಸರಿಸಿದ. ಮೊದಲ ಹನಿ ಕೊಳವೆಯಲ್ಲಿ ಇಳಿದಾಗ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತ.

ಅಕ್ಕ ಉಳಿದಳು.

ಮಾರನೇ ದಿನ ವಿಚಾರಣೆ. ಪರದೆ ಮೂರು ದಿನ ಸುಳ್ಳು ಹೇಳಿದ್ದು ಹೇಗೆ ಎಂದು ಮೇಲಿನವರು ಕೇಳಿದ್ದರು; ಕೋಟಿಗೆ ತಪ್ಪು ಕಟ್ಟಲು ಒಂದು ಕುತ್ತಿಗೆ ಬೇಕಿತ್ತು. ಉತ್ತರದ ಶಾಖೆಯ ಕಾಲಮ್ಮನ್ನು ಯಾರು ಮುಟ್ಟಿದರು ಎಂದು ಹುಡುಕಿದ. ಅರ್ಜಿಯಿಲ್ಲದೆ, ಸಹಿಯಿಲ್ಲದೆ ಮುಟ್ಟಿದವಳು ಲೆಡ್ಜರಮ್ಮ.

"ನಾನು ಏಳಕ್ಕೆ ತಿದ್ದಿದ್ದೆ ಸಾರ್. ಈಗ ನೋಡಿದ್ರೆ ಮತ್ತೆ ಐದಾಗಿದೆ. ಹೇಗಾಯ್ತೋ ನನಗೂ ಗೊತ್ತಾಗ್ತಾ ಇಲ್ಲ."

"ತಾನಾಗೇ ಬದಲಾಗತ್ತಾ? ನೀವು ತಿದ್ದೋಕೆ ಹೋಗಿ ಕೆಡಿಸಿದೀರಿ. ಸಾಲದ್ದಕ್ಕೆ ದಾನಿಗಳ ಹೆಸರು, ಕಾಯಿಲೆ, ಫೋನ್ ನಂಬರು ಎಲ್ಲಾ ಬರ್ಕೊಂಡು ಮನೆಗೆ ಒಯ್ತಾ ಇದೀರಿ. ಇದು ಎಷ್ಟು ದೊಡ್ಡ ತಪ್ಪು ಗೊತ್ತಾ?"

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಕಿಡಿಯ ಕಡೆ ನೋಡಿದಳು. "ನಿನಗೇನಾದ್ರೂ ಗೊತ್ತೇನಪ್ಪಾ, ಇದು ಹೇಗೆ ಹಿಂದಕ್ಕೆ ಹೋಯ್ತು ಅಂತ?"

ಎಲ್ಲರೂ ಅವನತ್ತ ತಿರುಗಿದರು. ಹೇಳುವುದು ಎರಡೇ ವಾಕ್ಯ. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು: ನಿನಗೆ ಯಾವಾಗಿನಿಂದ ಗೊತ್ತು? ಸಭೆಯ ದಿನವೇ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಏಳನೇ ತರಗತಿಯವನಿಗೆ ಈ ಕೋಣೆ ಬಿಟ್ಟರೆ ಇನ್ನೆಲ್ಲೂ ಇಂಥ ಕೆಲಸವಿಲ್ಲ. ಅಕ್ಕನ ಸಾಲನ್ನು ದಿನಾ ಬೆಳಿಗ್ಗೆ ನೋಡಲು ಬೇರೆ ದಾರಿಯಿಲ್ಲ. ಎಲ್ಲದಕ್ಕೂ ಕಿಡಿ ಹಾರಿಸುತ್ತಿದ್ದ ಮನುಷ್ಯ ಅವತ್ತು ತಣ್ಣಗೆ ನಿಂತ.

"ಗೊತ್ತಿಲ್ಲ," ಎಂದ.

ವಾರದೊಳಗೆ ಲೆಡ್ಜರಮ್ಮ ಕೆಲಸ ಕಳೆದುಕೊಂಡು ಮನೆಗೆ ಹೋದಳು. ಹೋಗುವಾಗ ನೀಲಿ ಪುಸ್ತಕವನ್ನು ಕಿತ್ತುಕೊಂಡರು. ಆ ಶನಿವಾರವೇ ಕಿಡಿ ಯಾರಿಗೂ ಹೇಳದೆ ತೊಳೆತವನ್ನು ನಿಲ್ಲಿಸಿದ. ತಿಂಗಳು ಕಳೆದ ಮೇಲೆ ಕೋಟು ಅವನನ್ನು ಕರೆದು, "ನೀನು ಹೇಳಿದ್ಯಲ್ಲ, ಬೇರೆ ಡೇಟಾಬೇಸ್, ಅದನ್ನೇ ಮಾಡಿಬಿಡು," ಎಂದ. ತಲೆ ಉಗ್ರಾಣದ ಯಂತ್ರಕ್ಕೆ ಹೋಯಿತು. ಇವತ್ತಿಗೂ ಅಲ್ಲೇ ಇದೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಅವನಿಗೆ ಒಂದು ಪ್ರಶಂಸಾಪತ್ರವನ್ನೂ ಕೊಟ್ಟರು. ಅದನ್ನು ಅವನು ಮನೆಗೆ ಒಯ್ಯಲಿಲ್ಲ.

ಲೆಡ್ಜರಮ್ಮನಿಗೆ ದಾರ, ಗುಂಡಿ ಮಾರುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. "ಆ ಅಮ್ಮನ್ನ ಒಂದ್ಸಲ ಊಟಕ್ಕೆ ಕರಿಯೋ, ಜೀವ ಉಳಿಸಿದವರು," ಎಂದು ಅಕ್ಕ ಮೂರು ವಾರಕ್ಕೊಮ್ಮೆ ಹೇಳುತ್ತಿದ್ದಳು. ಕಿಡಿ ನಾಲ್ಕು ಸಲ ಆ ಅಂಗಡಿಗೆ ಹೋದ. ನಾಲ್ಕು ಸಲವೂ ಮಾತನ್ನು ತುಟಿಯ ತನಕ ತಂದ. ಅವಳು ಗುಂಡಿ ಎಣಿಸುತ್ತಲೇ, "ಅಕ್ಕ ಹೇಗಿದಾರೋ? ಬೇಕರಿಯವನು ಬರ್ತಾನಾ? ಹೆಂಡತಿಗೆ ಹೇಳ್ಬೇಕು, ನೆನಪಿರ್ಲಿ," ಎನ್ನುತ್ತಿದ್ದಳು. ಅವನು "ಹೂಂ ಅಮ್ಮ" ಎಂದು ತನಗೆ ಬೇಡದ ಒಂದು ಡಜನ್ ಬಿಳಿ ಗುಂಡಿ ಕೊಂಡು ಬರುತ್ತಿದ್ದ.

ಐದನೆಯ ಸಲ ಹೋದಾಗ ಗಲ್ಲಾದ ಹಿಂದೆ ಬೇರೆ ಯಾರೋ ಇದ್ದರು. ಮಗಳ ಜೊತೆ ಇರಲೆಂದು ಊರು ಬಿಟ್ಟುಹೋದರು, ಎರಡು ತಿಂಗಳಾಯಿತು ಎಂದರು. ಕಿಡಿ ಅಂಗಡಿಯ ಯಜಮಾನನ ಹತ್ತಿರ ವಿಳಾಸ ಕೇಳಿದ.

"ನೀವು ಅವರಿಗೆ ಏನಾಗ್ಬೇಕು?"

ಕಿಡಿ ಗಲ್ಲಾದ ಮೇಲಿದ್ದ ಗುಂಡಿಯೊಂದನ್ನು ಬೆರಳಲ್ಲಿ ಸರಿಸಿದ. "ಅವರಿಗೆ ಒಂದು ಬಾಕಿ ಕೊಡೋದಿತ್ತು."

ಯಜಮಾನ ಲೆಕ್ಕದ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಪೆನ್ನು ತೆಗೆದ. "ವಿಳಾಸ ನಮ್ಮ ಹತ್ರಾನೂ ಇಲ್ಲ. ಯಾವತ್ತಾದ್ರೂ ಬಂದ್ರೆ ಹೇಳ್ತೀನಿ. ಎಷ್ಟು ಅಂತ ಬರ್ಕೊಳ್ಳಲಿ?"

ಕಿಡಿ ಬೀದಿಗೆ ಇಳಿದ.